ಒಂದೇ ಬಾವಿಯ ನೀರಿಗೆ ಮೂರು ಉತ್ತರ: ಆಮ್ಲತೆಯ ಟೈಟ್ರೇಷನ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಮಳೆಗಾಲ ಮುಗಿದು ತೋಟದ ರಸ್ತೆಗಳು ಒಣಗಿದ ಮೇಲೆ, ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಬಾವಿ ನೀರಿನ ಬಾಟಲಿ ಹಿಡಿದು ನಮ್ಮ ಪ್ರಯೋಗಾಲಯಕ್ಕೆ ಬಂದರು. ಪಂಪಿಗೆ ಹಾಕಿಸಿದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ಕೆಲವೇ ವರ್ಷಗಳಲ್ಲಿ ತೂತು ಬಿದ್ದಿದೆ, ನೀರಿನಲ್ಲೇ ಏನೋ ಇದೆ ಎಂಬುದು ಅವರ ಅನುಮಾನ. ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಸಹಾಯಕಿ ಟೈಟ್ರೇಷನ್ (ಬಲ ಗೊತ್ತಿರುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪರೀಕ್ಷೆ) ಮಾಡಿದಾಗ ಒಟ್ಟು ಆಮ್ಲತೆ ಲೀಟರಿಗೆ 46 ಮಿಲಿಗ್ರಾಂ ಬಂತು. ಊಟ ಮುಗಿಸಿ ಬಂದು ಅದೇ ಬಾಟಲಿಯಿಂದ ನಾನು ಮಾಡಿದೆ, 31. ಮರುದಿನ ಬೆಳಿಗ್ಗೆ ಇಬ್ಬರೂ ಪಕ್ಕಪಕ್ಕ ನಿಂತು ಮಾಡಿದೆವು, 19. "ಸರ್, ನಿನ್ನೆ ನಾನೇ ತಪ್ಪು ಓದಿರಬೇಕು" ಎಂದು ಆಕೆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ಆಕೆ ತಪ್ಪು ಓದಿರಲಿಲ್ಲ. ನಾನೂ ಓದಿರಲಿಲ್ಲ.

ಕೊಡಗಿನ ಬಾವಿ ನೀರು ಪರೀಕ್ಷಿಸುವವರಿಗೆ ಈ ಆಟ ಒಂದಲ್ಲ ಒಂದು ದಿನ ಎದುರಾಗುತ್ತದೆ. ವಿಧಾನ ಸರಳವಾದದ್ದೇ. 100 ಮಿ.ಲೀ. ಮಾದರಿಗೆ ಎರಡು ಮೂರು ಹನಿ ಬಣ್ಣದ ಸೂಚಕ ಫಿನಾಲ್ಫ್‌ಥಲೀನ್ ಹಾಕಿ, ಗೆರೆ ಗುರುತಿನ ಗಾಜಿನ ಕೊಳವೆಯಾದ ಬ್ಯುರೆಟ್‌ನಿಂದ 0.02 ನಾರ್ಮಲ್ (ದ್ರಾವಣದ ಬಲದ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬಿಡುತ್ತಾ ಹೋಗಿ, ಪಿಎಚ್ 8.3ರ ಬಳಿ ತಿಳಿ ಗುಲಾಬಿ ಬಂದಾಗ ನಿಲ್ಲಿಸುವುದು. ಖರ್ಚಾದ ಪ್ರತಿ ಮಿ.ಲೀ.ಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 10 ಮಿಲಿಗ್ರಾಂ. ಮಿಥೈಲ್ ಆರೆಂಜ್ ಹಾಕಿ ಪಿಎಚ್ 3.7ರವರೆಗೆ ಮಾಡಿದರೆ ಸಿಗುವುದು ಖನಿಜ ಆಮ್ಲತೆ (ಗಂಧಕಾಮ್ಲದಂಥ ಬಲವಾದ ಆಮ್ಲಗಳದ್ದು) ಮಾತ್ರ. ಭಾರತೀಯ ಮಾನಕ ಐಎಸ್ 3025ರ 22ನೇ ಭಾಗ ಇದಕ್ಕೆಂದೇ ಇದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದರಂತೆ ನಡೆದರೂ ಉತ್ತರ ನಿಲ್ಲದೆ ಓಡಾಡಿದಾಗ ಏನು ಮಾಡಬೇಕು ಎಂಬುದಷ್ಟೇ ನನ್ನ ವಿಷಯ.

ನಮ್ಮ ನೀರಿನ ಗುಣವನ್ನು ಮಾತ್ರ ಮೊದಲು ಹೇಳಬೇಕು. ಇಲ್ಲಿ ಸುಣ್ಣಕಲ್ಲಿನ ನೆಲವಿಲ್ಲ, ಮಳೆ ಧಾರಾಳ. ಎಲೆಗೊಬ್ಬರ ಕೊಳೆಯುವ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದನ್ನು ಕುಡಿದುಕೊಂಡೇ ಮಳೆನೀರು ಬಾವಿಗೆ ಇಳಿಯುತ್ತದೆ. ಹೀಗಾಗಿ ನೀರು ಮೆದು, ಪಿಎಚ್ ಆರರ ಆಚೀಚೆ, ಮತ್ತು ನಾವು 'ಆಮ್ಲತೆ' ಎಂದು ಬರೆದುಕೊಳ್ಳುವುದರಲ್ಲಿ ಬಹುಪಾಲು ಆ ಅನಿಲವೇ. ನಾವು ಅಳೆಯಲು ಹೊರಟಿರುವುದು ಬಾಗಿಲು ತೆರೆದರೆ ಎದ್ದು ಹೋಗುವ ನೆಂಟನನ್ನು. ಹಾಗಾಗಿ ಯಾವುದೇ ಎಡವಟ್ಟಾದರೂ ನಾನು ಮೊದಲು ಕೇಳುವುದು ಗಾಳಿ ಎಲ್ಲಿ ಒಳಗೆ ಬಂತು, ಅನಿಲ ಎಲ್ಲಿ ಹೊರಗೆ ಹೋಯಿತು ಎಂದು.

ಮೊದಲು ದಿಕ್ಕು ನೋಡಿ

ಅಂಕಿ ಬದಲಾಗುತ್ತಿದೆ ಎಂದರೆ ಸಾಲದು, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಬೇಕು. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಅದೇ ಬಾಟಲಿ, ಅದೇ ದ್ರಾವಣ, ಗಂಟೆ ಕಳೆದಂತೆ ಅಂಕಿ ಇಳಿಯುತ್ತಿದೆ ಎಂದರೆ ಮಾದರಿಯಿಂದ ಅನಿಲ ಹೊರಟುಹೋಗುತ್ತಿದೆ. ಬಾಟಲಿ ಬೇರೆ ಬೇರೆಯಾದರೂ ವಾರದಿಂದ ವಾರಕ್ಕೆ ಎಲ್ಲ ಅಂಕಿಗಳೂ ಒಂದೇ ಪ್ರಮಾಣದಲ್ಲಿ ಏರುತ್ತಿವೆ ಎಂದರೆ ಕ್ಷಾರ ದ್ರಾವಣ ಸೊರಗಿದೆ. ಬಲ ಕಡಿಮೆಯಾದ ದ್ರಾವಣ ಹೆಚ್ಚು ಖರ್ಚಾಗುತ್ತದೆ. ನಮ್ಮ ಸಹಾಯಕಿಯ ಇನ್ನೊಂದು ಅನುಮಾನ ದ್ರಾವಣ ಹಳತಾಗಿರಬಹುದು ಎಂದಿತ್ತು. ಹಾಗಾಗಿದ್ದರೆ 46 ಆಗಿದ್ದದ್ದು 48, 50 ಎಂದು ಮೇಲಕ್ಕೆ ಹೋಗಬೇಕಿತ್ತು, 19ಕ್ಕೆ ಇಳಿಯುವ ದಾರಿಯೇ ಇಲ್ಲ. ದಿಕ್ಕೇ ಇಲ್ಲದೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹಾರುತ್ತಿದ್ದರೆ ಆಗ ಕೈ, ಕಣ್ಣು, ಗಾಜಿನ ಸಾಮಾನುಗಳ ಕಡೆ ತಿರುಗಿ.

ಬಾಟಲಿ

ಬೆಳೆಗಾರರು ತಂದದ್ದು ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ. ಮುಕ್ಕಾಲು ತುಂಬಿತ್ತು. ಮುಚ್ಚಳ ತಿರುಗಿಸಿದಾಗ ಸಣ್ಣಗೆ 'ಉಸ್' ಎಂದಿತೆಂದು ಸಹಾಯಕಿಗೆ ಆಮೇಲೆ ನೆನಪಾಯಿತು. ತೋಟದಿಂದ ಡಾಂಬರು ರಸ್ತೆಯವರೆಗೆ ಜೀಪಿನಲ್ಲಿ ಕುಲುಕಿ, ಅಲ್ಲಿಂದ ಇಲ್ಲಿಯವರೆಗೆ ತಿರುವುಗಳಲ್ಲಿ ಹೊಯ್ದಾಡಿ ಬಂದ ನೀರು ತನ್ನ ಅನಿಲವನ್ನು ಮೇಲಿನ ಖಾಲಿ ಜಾಗಕ್ಕೆ ಬಿಟ್ಟುಕೊಟ್ಟಿತ್ತು. ನಾವು ಮುಚ್ಚಳ ತೆಗೆದು ತೆಗೆದು ಹಾಕಿದಾಗ ಉಳಿದದ್ದೂ ಹೋಯಿತು. ಇದಲ್ಲದೆ ತಂಪು ಪಾನೀಯದಲ್ಲಿ ಫಾಸ್ಫಾರಿಕ್ ಅಥವಾ ಸಿಟ್ರಿಕ್ ಆಮ್ಲ ಇರುತ್ತದೆ. ತೊಳೆದಿದ್ದೇವೆ ಎಂದು ಎಲ್ಲರೂ ಹೇಳುತ್ತಾರೆ. ಮುಚ್ಚಳದ ಒಳಗಿನ ಅಂಟನ್ನು ಯಾರೂ ತೊಳೆದಿರುವುದಿಲ್ಲ.

ಸರಿಯಾದ ಕ್ರಮ ಹೀಗೆ. ಬಿರಡೆ ಗಟ್ಟಿಯಾಗಿ ಕೂರುವ ಬಾಟಲಿ ಬೇಕು. ನಲ್ಲಿಯಿಂದಾದರೆ ರಬ್ಬರ್ ಕೊಳವೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ನೀರು ಧುಮುಕದಂತೆ ಕೆಳಗಿನಿಂದ ತುಂಬಿಸಿ. ಒಂದೆರಡು ಬಾಟಲಿಯಷ್ಟು ನೀರು ಮೇಲಿನಿಂದ ಚೆಲ್ಲಿ ಹೋಗಲಿ. ಒಳಗೆ ಒಂದು ಗುಳ್ಳೆಯೂ ಇರದಂತೆ ಬಿರಡೆ ಹಾಕಿ, ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು ಬನ್ನಿ, ಬಂದ ಕೂಡಲೇ ಮಾಡಿ. ಸೇದುವ ಬಾವಿಯಾದರೆ ಕೊಡದಿಂದ ಸುರಿದು ತುಂಬಿಸುವುದು ಬೇಡ. ಭಾರ ಕಟ್ಟಿದ ಬಾಟಲಿಯನ್ನೇ ನಿಧಾನವಾಗಿ ಮುಳುಗಿಸಿ. ಎರಡು ಸಲ ಟೈಟ್ರೇಷನ್ ಮಾಡಬೇಕೆಂದರೆ ಎರಡು ಬಾಟಲಿ ತುಂಬಿಸಿ. ಒಮ್ಮೆ ತೆರೆದ ಬಾಟಲಿಯ ಎರಡನೇ ಅಂಕಿಯನ್ನು ನಾನು ಈಗ ನಂಬುವುದಿಲ್ಲ.

ಫ್ಲಾಸ್ಕಿಗೆ ಬಂದ ಮೇಲೂ ಅದೇ ಎಚ್ಚರ. ಸಕ್ಕರೆ ಕರಗಿಸುವ ಹಾಗೆ ಗರಗರ ತಿರುಗಿಸುವ ಕೈಗಳನ್ನು ಕಂಡಿದ್ದೇನೆ. ಪ್ರತಿ ಸುತ್ತಿಗೂ ಅನಿಲ ಹಾರುತ್ತದೆ. ನಮ್ಮಲ್ಲಿ ಈಗ ಮೊದಲ ಸಲ ಅಂದಾಜಿಗೆ ಮಾಡುತ್ತೇವೆ. 4.6 ಮಿ.ಲೀ. ಬಂತು ಎಂದುಕೊಳ್ಳಿ. ಎರಡನೇ ಬಾಟಲಿಯ ನೀರಿಗೆ ಸುಮಾರು 4.3 ಮಿ.ಲೀ. ಕ್ಷಾರವನ್ನು ಒಂದೇ ಸಲಕ್ಕೆ ಬಿಟ್ಟು ಮೆಲ್ಲಗೆ ಆಡಿಸಿ, ಉಳಿದದ್ದನ್ನು ಹನಿಹನಿಯಾಗಿ ಸೇರಿಸುತ್ತೇವೆ. ಅನಿಲ ತಪ್ಪಿಸಿಕೊಳ್ಳುವ ಮೊದಲೇ ಅದನ್ನು ಬೈಕಾರ್ಬೊನೇಟ್ ಮಾಡಿ ಕಟ್ಟಿಹಾಕುವ ಉಪಾಯ ಇದು. ಎರಡನೇ ಅಂಕಿ ಮೊದಲನೆಯದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ, ಅದೇ ಸರಿಯಾದದ್ದು.

ಪಿಪೆಟ್‌ನ ಕೊನೆಯ ಹನಿಯನ್ನು ಬಾಯಿಂದ ಊದಿ ಬೀಳಿಸುವ ಅಭ್ಯಾಸ ಇನ್ನೂ ಕೆಲವರಿಗಿದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು ನೂರಕ್ಕೆ ನಾಲ್ಕರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಆಮ್ಲತೆ ಅಳೆಯುತ್ತಾ ಅದಕ್ಕೆ ಆಮ್ಲ ಊದುವುದು ತಮಾಷೆಯೇ ಸರಿ. ಬಾಯಿ ಹಚ್ಚುವುದೇ ತಪ್ಪು ಎಂಬುದು ಬೇರೆ ಮಾತು. ಅದೇ ಮೇಜಿನ ಮೇಲೆ ಪಕ್ಕದಲ್ಲಿ ಗ್ಯಾಸ್ ಬರ್ನರ್ ಉರಿಯುತ್ತಿದ್ದರೆ ಅದನ್ನೂ ಆರಿಸಿ.

ಕ್ಷಾರ ದ್ರಾವಣ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡಿನ ಡಬ್ಬಿ ತೆರೆದರೆ ನೋಡುತ್ತಿದ್ದಂತೆಯೇ ಬಿಲ್ಲೆಗಳು ಬೆವರತೊಡಗುತ್ತವೆ. ತಕ್ಕಡಿಯ ಮೇಲೆ ಇಟ್ಟರೆ ಅಂಕಿ ನಿಲ್ಲುವುದಿಲ್ಲ, ಏರುತ್ತಲೇ ಇರುತ್ತದೆ. ಲೀಟರಿಗೆ 0.8 ಗ್ರಾಂ ತೂಗಿದರೆ 0.02 ನಾರ್ಮಲ್ ಎಂಬುದು ಪುಸ್ತಕದ ಲೆಕ್ಕ. ನಮ್ಮ ಮಳೆಗಾಲದಲ್ಲಿ ಆ 0.8 ಗ್ರಾಮಿನಲ್ಲಿ ನೀರೆಷ್ಟು, ಕಾರ್ಬೊನೇಟ್ ಎಷ್ಟು ಎಂದು ದೇವರಿಗೇ ಗೊತ್ತು. ತೂಕವನ್ನು ನಂಬುವುದನ್ನು ನಾವು ಬಿಟ್ಟಿದ್ದೇವೆ. ತೂಕಕ್ಕೆ ತೂಕ ನೀರು ಸೇರಿಸಿ ಶೇ. 50ರ ದಟ್ಟ ದ್ರಾವಣ ಮಾಡಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೆಲವು ದಿನ ಅಲುಗಿಸದೆ ಇಟ್ಟರೆ ಕಾರ್ಬೊನೇಟ್ ಅದರಲ್ಲಿ ಕರಗದೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯಿಂದ ಒಂದು ಮಿ.ಲೀ.ಗಿಂತ ತುಸು ಹೆಚ್ಚು ತೆಗೆದು ಲೀಟರಿಗೆ ಸೇರಿಸಿದರೆ ಹೆಚ್ಚುಕಡಿಮೆ 0.02 ನಾರ್ಮಲ್. ಇದು ಚರ್ಮ ಸುಡುವ ದ್ರಾವಣ. ಕರಗಿಸುವಾಗ ಕುದಿಯುವಷ್ಟು ಬಿಸಿಯಾಗುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ.

ಸೇರಿಸುವ ನೀರು ಹದಿನೈದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿದ ಡಿಸ್ಟಿಲ್ಡ್ ನೀರಾಗಿರಬೇಕು. ತಯಾರಾದ ದ್ರಾವಣದ ಬಾಟಲಿಯ ಬಾಯಿಗೆ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ತುಂಬಿದ ಕೊಳವೆ ಸಿಕ್ಕಿಸಿ. ಇಷ್ಟಾದರೂ ಗಾಳಿ ನುಸುಳುತ್ತದೆ, ಆದ್ದರಿಂದ ಪರೀಕ್ಷೆ ಬೇಕು. ಓವನ್ನಿನಲ್ಲಿ ಒಣಗಿಸಿದ, ತೂಕವನ್ನು ನಂಬಬಹುದಾದ ಆಮ್ಲದ ಪುಡಿ ಪೊಟ್ಯಾಸಿಯಂ ಹೈಡ್ರೊಜನ್ ಥಾಲೇಟ್ 1.021 ಗ್ರಾಂ ತೂಗಿ 250 ಮಿ.ಲೀ. ಮಾಡಿದರೆ 0.02 ನಾರ್ಮಲ್. ಅದರ 20 ಮಿ.ಲೀ.ಗೆ ನಿಮ್ಮ ಕ್ಷಾರವೂ 20 ಮಿ.ಲೀ. ಹಿಡಿಯಬೇಕು. 21.3 ಹಿಡಿಯಿತು ಎಂದರೆ ದ್ರಾವಣ 0.0188ಕ್ಕೆ ಇಳಿದಿದೆ, ನೀವು ಬರೆದುಕೊಟ್ಟ ಪ್ರತಿ ವರದಿಯೂ ನೂರಕ್ಕೆ ಆರೂವರೆಯಷ್ಟು ಹೆಚ್ಚು.

ಈ ಪರೀಕ್ಷೆಯನ್ನೂ ಫಿನಾಲ್ಫ್‌ಥಲೀನ್ ಹಾಕಿಯೇ ಮಾಡಿ. ಹೈಡ್ರೊಕ್ಲೋರಿಕ್ ಆಮ್ಲ, ಮಿಥೈಲ್ ಆರೆಂಜ್ ಜೋಡಿಯಿಂದ ಬಲ ಕಂಡುಕೊಂಡರೆ ದ್ರಾವಣದಲ್ಲಿ ಸೇರಿಕೊಂಡ ಕಾರ್ಬೊನೇಟ್ ಪೂರ್ತಿ ಬಲವಾಗಿಯೇ ಕಾಣಿಸಿಕೊಳ್ಳುತ್ತದೆ. ಮಾದರಿಯ ಮುಂದೆ, 8.3ರ ಬಳಿ, ಅದರ ಅರ್ಧವಷ್ಟೇ ಕೆಲಸಕ್ಕೆ ಬರುತ್ತದೆ. ಪ್ರಮಾಣೀಕರಣ ಸರಿಯಿದೆ, ಆದರೂ ಉತ್ತರ ಹೆಚ್ಚು ಬರುತ್ತಿದೆ ಎಂದು ತಲೆ ಕೆರೆದುಕೊಳ್ಳುವವರಲ್ಲಿ ಹಲವರು ಸಿಕ್ಕಿಬಿದ್ದಿರುವುದು ಇಲ್ಲಿ.

ಬ್ಲಾಂಕ್, ಅಂದರೆ ಮಾದರಿಯಿಲ್ಲದ ಬರಿ ನೀರಿನ ಪರೀಕ್ಷೆ, ಮರೆಯಬೇಡಿ. ಕುದಿಸಿ ಆರಿಸಿದ 100 ಮಿ.ಲೀ. ನೀರಿಗೆ ಒಂದೆರಡು ಹನಿಯಲ್ಲಿ ಬಣ್ಣ ಬರಬೇಕು. ಅರ್ಧ ಮಿ.ಲೀ. ಕೇಳಿತು ಎಂದರೆ ನೀರು ಕುದಿದಿಲ್ಲ, ಇಲ್ಲವೇ ಸೂಚಕ ಕರಗಿಸಿದ ಮದ್ಯಸಾರವೇ ಹುಳಿ. ಅದನ್ನು ಮೊದಲು ತಿಳಿ ಗುಲಾಬಿಯವರೆಗೆ ತಟಸ್ಥಗೊಳಿಸಿ. ಬ್ಯುರೆಟ್ ತುದಿಯ ಗುಳ್ಳೆ, ತೊಟ್ಟಿಕ್ಕುವ ಕಾಕ್, ರಾತ್ರಿಯಿಡೀ ಕ್ಷಾರ ನಿಂತು ಕಚ್ಚಿಕೊಂಡ ಗಾಜಿನ ತಿರುಪು ಇವೆಲ್ಲ ಎಲ್ಲರಿಗೂ ಗೊತ್ತಿರುವವೇ.

ಬಣ್ಣದ ತಕರಾರುಗಳು

ಗುಲಾಬಿ ಬಂತು, ಎಣಿಸುವಷ್ಟರಲ್ಲಿ ಹೋಯಿತು, ಇನ್ನೊಂದು ಹನಿ, ಮತ್ತೆ ಬಂತು, ಮತ್ತೆ ಹೋಯಿತು. ಇದಕ್ಕೆ ಕಾರಣ ಒಂದೇ ಅಲ್ಲ.

ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಕ್ಷಾರದೊಂದಿಗೆ ಕೂಡಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ, ತಣ್ಣಗಿನ ನೀರಿನಲ್ಲಿ ಇನ್ನೂ ನಿಧಾನ. ಡಿಸೆಂಬರಿನ ಬೆಳಗ್ಗೆ ಮೊದಲ ಗುಲಾಬಿ ಕಂಡ ಕೂಡಲೇ ನಿಲ್ಲಿಸಿದರೆ ಅಂಕಿ ಕಡಿಮೆ ಬರುತ್ತದೆ. ಬಣ್ಣ ಮೂವತ್ತು ಸೆಕೆಂಡು ನಿಲ್ಲಬೇಕು. ಹಾಗೆಂದು ಐದು ನಿಮಿಷ ನಿಲ್ಲಲಿ ಎಂದು ಕಾಯುವುದೂ ತಪ್ಪು. ಅಷ್ಟು ಹೊತ್ತಿಗೆ ಕೋಣೆಯ ಗಾಳಿಯೇ ಬಣ್ಣ ಅಳಿಸುತ್ತದೆ.

ಮೂವತ್ತು ಸೆಕೆಂಡಿನ ನಿಯಮ ಪಾಲಿಸಿದರೂ ಬಣ್ಣ ಮತ್ತೆ ಮತ್ತೆ ಮಾಸುತ್ತಾ, ಫ್ಲಾಸ್ಕಿನಲ್ಲಿ ಕಂದು ಬಣ್ಣದ ಹೊಟ್ಟಿನಂಥದ್ದು ತೇಲತೊಡಗಿದರೆ ಅದು ಕಬ್ಬಿಣ. ಕೆಂಪು ಕಲ್ಲಿನ ನೆಲದ ಬಾವಿಗಳಲ್ಲಿ ಇದು ಸಾಮಾನ್ಯ. ಸೇದಿದಾಗ ಸ್ಫಟಿಕದಂತಿದ್ದ ನೀರು ಸಂಜೆಗೆ ಬಾಟಲಿಯಲ್ಲಿ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಫೆರಸ್ ಕಬ್ಬಿಣ ಗಾಳಿಯಲ್ಲಿ ಉತ್ಕರ್ಷಣಗೊಂಡು ಹೈಡ್ರಾಕ್ಸೈಡ್ ಆಗುವಾಗ ಆಮ್ಲ ಬಿಡುಗಡೆಯಾಗುತ್ತದೆ. ನೀವು ಹಾಕುವ ಪ್ರತಿ ಹನಿಯನ್ನೂ ಅದು ತಿನ್ನುತ್ತಾ ಹೋಗುತ್ತದೆ. ಅಂಥ ನೀರಿಗೆ ಅಳತೆಯ ಆಮ್ಲ ಸೇರಿಸಿ ಪಿಎಚ್ ನಾಲ್ಕಕ್ಕಿಂತ ಕೆಳಗೆ ತಂದು, ಶೇ. 30ರ ಹೈಡ್ರೊಜನ್ ಪೆರಾಕ್ಸೈಡ್ ಐದು ಹನಿ ಹಾಕಿ, ಎರಡರಿಂದ ಐದು ನಿಮಿಷ ಕುದಿಸಿ, ಆರಿಸಿ, ಆಮೇಲೆ ಟೈಟ್ರೇಷನ್ ಮಾಡಿ ಸೇರಿಸಿದ ಆಮ್ಲವನ್ನು ಕಳೆಯಬೇಕು. ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೋಗಿರುತ್ತದೆ, ಹಾಗಾಗಿ ಈ ಅಂಕಿಯನ್ನು ಬೇರೆಯಾಗಿಯೇ ಬರೆಯಿರಿ. ಎರಡನ್ನೂ ಒಂದೇ ಸಾಲಿನಲ್ಲಿ ಹಾಕಿ ಗೊಂದಲ ಮಾಡಿದ ವರದಿಗಳನ್ನು ನೋಡಿದ್ದೇನೆ.

ಬಣ್ಣ ಸರಿಯಾಗಿ ಕಾಣಿಸದೆ ಬಿಳಿಚಿಕೊಂಡರೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೀರಾ ಎಂದು ಕೇಳಿ. ಕ್ಲೋರಿನ್ ಸೂಚಕವನ್ನೇ ತಿಂದುಹಾಕುತ್ತದೆ, 0.1 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ಒಂದು ಹನಿ ಸಾಕು. ಸೂಚಕ ಬಿದ್ದ ಕೂಡಲೇ ಗುಲಾಬಿ ಬಂದರೆ ಒಂದೋ ಫ್ಲಾಸ್ಕಿನಲ್ಲಿ ಸೋಪಿನ ಪುಡಿ ಉಳಿದಿದೆ, ಇಲ್ಲವೇ ಬಾವಿಗೆ ಹೊಸದಾಗಿ ಸಿಮೆಂಟ್ ರಿಂಗ್ ಇಳಿಸಿದ್ದಾರೆ. ಹೊಸ ಸಿಮೆಂಟಿನ ಸುಣ್ಣ ಸ್ವಲ್ಪ ಕಾಲ ನೀರಿಗೆ ಬಿಡುತ್ತಿರುತ್ತದೆ. ಇನ್ನು, ಮಿಥೈಲ್ ಆರೆಂಜ್ ಹಾಕಿದರೆ ಮೊದಲೇ ಹಳದಿ, ಸೂಚಕ ಕೆಟ್ಟಿದೆ ಎಂದು ಹೊಸಬರು ಬಾಟಲಿಯನ್ನೇ ಚೆಲ್ಲುವುದುಂಟು. ಕೆಟ್ಟಿಲ್ಲ. ನಮ್ಮ ಬಾವಿಗಳ ಪಿಎಚ್ 4.4ಕ್ಕಿಂತ ಮೇಲೆಯೇ ಇರುವುದರಿಂದ ಖನಿಜ ಆಮ್ಲತೆ ಇಲ್ಲ ಎಂದು ಅದು ಹೇಳುತ್ತಿದೆ.

ಜುಲೈ ತಿಂಗಳ ನಡುಮಧ್ಯಾಹ್ನದಲ್ಲೂ ಕೋಣೆ ಕತ್ತಲೆ, ವಿದ್ಯುತ್ ಬೇರೆ ಕೈಕೊಟ್ಟಿರುತ್ತದೆ. ಆಗ ಕಣ್ಣನ್ನು ದೂರುವ ಬದಲು ಪಿಎಚ್ 8.3ರಲ್ಲೇ ನಿಲ್ಲುವ ಬಫರ್ ದ್ರಾವಣಕ್ಕೆ ಅಷ್ಟೇ ಹನಿ ಸೂಚಕ ಹಾಕಿ ಪಕ್ಕದಲ್ಲಿ ಬಿಳಿ ಹೆಂಚಿನ ಮೇಲೆ ಇಟ್ಟುಕೊಳ್ಳಿ. ಆ ಬಣ್ಣ ಬರುವವರೆಗೆ ಮಾಡಿದರಾಯಿತು.

ಪಲ್ಪರ್ ನೀರು ಬೇರೆಯೇ ಜಾತಿ

ಕೊಯ್ಲಿನ ತಿಂಗಳುಗಳಲ್ಲಿ ಪಲ್ಪಿಂಗ್ ಮಾಡಿದ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ, ಹುಳಿ ನೀರು ಬರತೊಡಗುತ್ತದೆ. ಇದರ ದಿಕ್ಕು ಬಾವಿ ನೀರಿಗೆ ತದ್ವಿರುದ್ಧ. ಹಣ್ಣಿನ ಸಕ್ಕರೆ ಬಾಟಲಿಯೊಳಗೂ ಹುಳಿಯುತ್ತಲೇ ಇರುವುದರಿಂದ ಹೊತ್ತು ಕಳೆದಂತೆ ಆಮ್ಲತೆ ಏರುತ್ತದೆ. ಐಸ್‌ನಲ್ಲಿ ಇಡದೆ ಸಂಜೆಗೆ ತಂದ ಮಾದರಿ ತೋಟದ ತೊಟ್ಟಿಯ ಕಥೆ ಹೇಳುವುದಿಲ್ಲ, ಬಾಟಲಿಯ ಕಥೆ ಹೇಳುತ್ತದೆ. ಕಂದು ಬಣ್ಣದಲ್ಲಿ ಗುಲಾಬಿ ಹುಡುಕುವ ಸಾಹಸವೂ ಬೇಡ. ಪಿಎಚ್ ಮೀಟರ್ ಇಟ್ಟು 8.3ರವರೆಗೆ ಮಾಡಿ. 10 ಮಿ.ಲೀ. ಮಾದರಿ ಸಾಕು, ಆಗ ಒಂದು ಮಿ.ಲೀ. ಕ್ಷಾರಕ್ಕೆ 100 ಮಿಲಿಗ್ರಾಂ ಲೆಕ್ಕ. ಎಲೆಕ್ಟ್ರೋಡಿಗೆ ಸಿಪ್ಪೆಯ ಲೋಳೆ ಮೆತ್ತಿ ಅಂಕಿ ಸೋಮಾರಿಯಾಗುತ್ತದೆ, ಪ್ರತಿ ಮಾದರಿಗೂ ತೊಳೆಯಿರಿ. ಇಲ್ಲಿ ತಪ್ಪಿದರೆ ಬೆಲೆ ತೆರುವವರು ಬೆಳೆಗಾರರು: ಲೀಟರಿಗೆ 1,000 ಮಿಲಿಗ್ರಾಂ ಆಮ್ಲತೆಯ ಒಂದು ಸಾವಿರ ಲೀಟರ್ ನೀರಿಗೆ ಶುದ್ಧವಾದ ಅರಳಿದ ಸುಣ್ಣ ಸುಮಾರು 740 ಗ್ರಾಂ ಬೇಕು, ನಮ್ಮ ಅಂಕಿ ದುಪ್ಪಟ್ಟಾದರೆ ಅವರ ಸುಣ್ಣದ ಚೀಲವೂ ದುಪ್ಪಟ್ಟು.

ಲೆಕ್ಕದ ಬಲೆ

ಬಾವಿ ನೀರಿಗೆ ನನಗೆ ಅತ್ಯಂತ ಇಷ್ಟವಾದ ತಪಾಸಣೆ ರಾಸಾಯನಿಕವನ್ನು ಮುಟ್ಟದೆ ಮಾಡುವಂಥದ್ದು. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬೊನೇಟ್ ಬಿಟ್ಟರೆ ಹೆಚ್ಚೇನೂ ಇಲ್ಲ ಎಂದಾದರೆ, ಪಿಎಚ್ 6.35ರ ಬಳಿ ಆಮ್ಲತೆ ಮತ್ತು ಕ್ಷಾರತೆ (ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ, ಇಲ್ಲಿ ಬೈಕಾರ್ಬೊನೇಟಿನದು), ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಸಮಸಮ. ಪಿಎಚ್ 0.3 ಇಳಿದರೆ ಆಮ್ಲತೆ ಕ್ಷಾರತೆಯ ಎರಡರಷ್ಟು, 0.3 ಏರಿದರೆ ಅರ್ಧ. ಅನಿಲ ಹಾರಿಹೋದರೂ ಕ್ಷಾರತೆ ಬದಲಾಗುವುದಿಲ್ಲ, ಬದಲಾಗುವುದು ಪಿಎಚ್. ಹಾಗಾಗಿ ಪಿಎಚ್ ಬರೆದುಕೊಂಡಿದ್ದರೆ ಹೋದದ್ದರ ಗುರುತು ಅದರಲ್ಲಿ ಉಳಿದಿರುತ್ತದೆ.

ಅದೃಷ್ಟಕ್ಕೆ ನಮ್ಮ ಸಹಾಯಕಿ ಪ್ರತಿ ಸಲವೂ ಬರೆದಿದ್ದಳು. ಕ್ಷಾರತೆ ಮೂರು ಸಲವೂ 32. ಪಿಎಚ್ ಮಾತ್ರ 6.2, ಆಮೇಲೆ 6.4ರ ಹತ್ತಿರ, ಮರುದಿನ 6.6. ಲೆಕ್ಕ ಹಾಕಿದರೆ 45, 30ರ ಆಸುಪಾಸು, 18. ಟೈಟ್ರೇಷನ್ ಹೇಳಿದ್ದು 46, 31, 19. ಮೂರೂ ಸಲ ಮೇಜಿನ ಮೇಲಿನ ಕೆಲಸ ಸರಿಯಾಗಿಯೇ ನಡೆದಿತ್ತು, ಬದಲಾದದ್ದು ಬಾಟಲಿಯ ನೀರು.

ಹಾಗಾದರೆ 46 ನಿಜವೇ? ಮುಂದಿನ ವಾರ ಪಿಎಚ್ ಮೀಟರ್, ಬ್ಯುರೆಟ್, ಸ್ಟ್ಯಾಂಡ್ ಎಲ್ಲವನ್ನೂ ಜೀಪಿಗೆ ಏರಿಸಿಕೊಂಡು ಆ ತೋಟಕ್ಕೇ ಹೋದೆವು. ಬಾವಿಕಟ್ಟೆಯ ಮೇಲೆ ಗೋಣಿಚೀಲ ಮಡಿಸಿ ಹಾಕಿ ಸ್ಟ್ಯಾಂಡ್ ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಮನೆಯವರು ಕಾಫಿ ತಂದಿಟ್ಟರು. ಸಹಾಯಕಿ ಬಾಟಲಿಯನ್ನು ಮುಳುಗಿಸಿ ತೆಗೆದಳು; ಹೊರಮೈ ಬೆವರುವಷ್ಟು ತಣ್ಣಗಿದ್ದ ಆ ನೀರಿನ ಪಿಎಚ್ 6.1. ಅಂದಾಜಿಗೆ ಒಂದು ಸಲ, ಒಮ್ಮೆಲೇ ಕ್ಷಾರ ಬಿಟ್ಟು ಎರಡು ಸಲ: 5.7, 5.8, 5.8 ಮಿ.ಲೀ. ಕಾಫಿ ಆರಿಹೋಗಿತ್ತು. ರಿಜಿಸ್ಟರಿನಲ್ಲಿ ಹಿಂದಿನ ಮೂರು ಅಂಕಿಗಳನ್ನು ಹೊಡೆದುಹಾಕದೆ, ಅವುಗಳ ಕೆಳಗೆ '58, ಬಾವಿಯ ಬಳಿ' ಎಂದು ಆಕೆ ಬರೆದಳು.